ಯಾವಾಗ ಬರುತ್ತೀರಿ ಎಂದು ಕೇಳಬಾರದು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಾನುಗಟ್ಟಲೆ ಮಂಜುಗಡ್ಡೆಯೊಳಗೆ ಕೈ ಹಾಕಿ ಮೀನು ತೆಗೆದು, ಉಪ್ಪುನೀರಿನಲ್ಲಿ ನೆನೆದು, ಚರ್ಮ ಬೆಳ್ಳಗೆ ಬಿರಿದು ಕೊನೆಗೆ ನುಣ್ಣಗಾಗಿ ಹೋಗಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅವರನ್ನು ಮನುಷ್ಯರೆಂದೇ ಒಪ್ಪುತ್ತಿರಲಿಲ್ಲ. ಮೊಬೈಲಿನ ಪರದೆಯೂ ಅಷ್ಟೆ. ಮಗ ಕಳಿಸಿಕೊಟ್ಟ ದೊಡ್ಡ ಮೊಬೈಲನ್ನು ಕಿರುಬೆರಳಿನ ಗೆಣ್ಣಿನಿಂದ ಕುಟ್ಟಿ ಕುಟ್ಟಿ ನೋಡಿ, ಆಗದೆ, "ಈ ಶೈತಾನನಿಗೆ ನನ್ನ ಕೈ ಹಿಡಿಸುವುದಿಲ್ಲ, ನೀನು ಒತ್ತು ಮಗಾ" ಎಂದು ನನ್ನ ಕಡೆ ಚಾಚುತ್ತಿದ್ದರು. ಆ ಮೊಬೈಲಿಗೆ ಬಂಗುಡೆ ಮೀನಿನ ವಾಸನೆ. ಕೊರೊನಾದ ಆ ಕಾಲದಲ್ಲಿ ನನ್ನ ಅಪ್ಪ ಅಮ್ಮ ನಮಗೆ ಸಿಗುತ್ತಿದ್ದದ್ದು ಆ ವಾಸನೆಯೊಳಗೆ.

ನಾವು ಅವರನ್ನು ಕರೆಯುತ್ತಿದ್ದದ್ದು ಮೀನಿನ ಕಾಕ ಎಂದು. ಕಕ್ಕಿಂಜೆಯ ಹತ್ತಿರದ ನಮ್ಮ ಊರಿನ ಎಲ್ಲರಿಗೂ ಅವರು ಅದೇ; ಬ್ಯಾರಿ ಮುಸ್ಲಿಮರನ್ನು ನಮ್ಮಲ್ಲಿ ಕಾಕ ಎನ್ನುವುದು ರೂಢಿ. ಬೆಳಿಗ್ಗೆ ಉಜಿರೆಯಲ್ಲಿ ಲೋಡು ಇಳಿದ ಕೂಡಲೇ ಮೀನು ತುಂಬಿಸಿಕೊಂಡು, ಹಳೆಯ ಸ್ಕೂಟರಿನ ಹಿಂದೆ ಪೆಟ್ಟಿಗೆ ಬಿಗಿದು, ಮನೆಮನೆಯ ಎದುರು ಹಾರ್ನ್ ಹೊಡೆಯುತ್ತಾ ಬರುವವರು. ಅವರನ್ನು ದೇವರಂಥ ಮನುಷ್ಯ ಎಂದು ಬರೆದರೆ ಮೊದಲು ನಗುವವರು ಅವರೇ. ಮೊನ್ನೆಯ ಮೀನನ್ನು ಇವತ್ತಿನದೆಂದು ಮಾರುವಾಗ ಅವರ ಮುಖದಲ್ಲಿದ್ದ ಗಾಂಭೀರ್ಯ ನಾನು ಆಮೇಲೆ ಯಾವ ಪ್ರಿನ್ಸಿಪಾಲರಲ್ಲೂ ಕಂಡಿಲ್ಲ. ಅಜ್ಜಿ ಮೀನಿನ ಕಿವಿರು ಬಿಡಿಸಿ ನೋಡಿ, "ಬ್ಯಾರಿಗಳೇ, ಇದು ಕಡಲು ಬಿಟ್ಟು ಒಂದು ವಾರ ಆಯ್ತು" ಎಂದರೆ, "ಅಕ್ಕ, ಈಗ ಗೇಟಿನ ಹತ್ತಿರ ಬರುವವರೆಗೆ ಮಾತಾಡ್ತಿತ್ತು. ನಿಮ್ಮ ಸ್ವರ ಕೇಳಿ ಸುಮ್ಮನಾದದ್ದು" ಎನ್ನುತ್ತಿದ್ದರು. ಜಗಳ ಮುಗಿದ ಮೇಲೆ ಒಂದು ಮೀನು ಹೆಚ್ಚು ಹಾಕಿ, ಅಜ್ಜಿ ಕೊಟ್ಟ ಚಾ ಕುಡಿದು ಹೋಗುವರು.

ಆ ಚಾದ ಗ್ಲಾಸು ಬೇರೆ ಇತ್ತು. ಹೊರಗಿನ ಕಟ್ಟೆಯ ಮೇಲೆ ಕವುಚಿ ಇಟ್ಟಿರುತ್ತಿತ್ತು, ಕೊರೊನಾ ಬರುವ ಎಷ್ಟೋ ವರ್ಷ ಮೊದಲಿನಿಂದ. ಕುಡಿದ ಮೇಲೆ ಅವರೇ ತೊಳೆದು ಅದೇ ಜಾಗದಲ್ಲಿ ಇಡುತ್ತಿದ್ದರು. ಇಬ್ಬರಿಗೂ ಅದರಲ್ಲಿ ವಿಶೇಷ ಏನೂ ಕಾಣುತ್ತಿರಲಿಲ್ಲ. ನಾನು ಇದನ್ನು ಹೇಳುವುದು ಯಾಕೆಂದರೆ, ನಮ್ಮ ಕತೆ ಕೇಳಿದ ಒಬ್ಬರು ಇದನ್ನು ಸೌಹಾರ್ದದ ಕಾರ್ಯಕ್ರಮದಲ್ಲಿ ಹೇಳಬೇಕು, ಶಾಲು ಹೊದಿಸುತ್ತೇವೆ ಎಂದು ಹಿಂದೆ ಬಿದ್ದಿದ್ದರು. ನನಗೆ ಆ ಶಾಲು ಬೇಡ.

ನನ್ನ ಅಪ್ಪ ಮಸ್ಕತ್ತಿನಲ್ಲಿ ಒಂದು ಕಂಪೆನಿಯ ಡ್ರೈವರ್. ಒಬ್ಬರ ದುಡಿಮೆಯಲ್ಲಿ ಏನೂ ಏಳುವುದಿಲ್ಲ ಎಂದಾದಾಗ, ತಮ್ಮನಿಗೆ ಮೂರು ತುಂಬಿದ ಮೇಲೆ, ಅಮ್ಮನೂ ಹೋದಳು. ಅಲ್ಲಿ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ತನ್ನ ಇಬ್ಬರು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು, ಬೇರೆ ಯಾರದೋ ಇಬ್ಬರಿಗೆ ಉಣ್ಣಿಸುವುದು, ಮಲಗಿಸುವುದು. ಈಗ ನಾನು ಓದುತ್ತಿರುವ ಮೂಡುಬಿದಿರೆಯ ಕಾಲೇಜಿನಲ್ಲಿ ಇದನ್ನು ಹೇಳಿದಾಗ ಬೆಂಗಳೂರಿನ ಕಡೆಯ ಗೆಳತಿಯೊಬ್ಬಳು, "ಅಯ್ಯೋ, ಸಿನಿಮಾ ಥರ ಇದೆ ಕಣೇ" ಎಂದಳು. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ನಮ್ಮ ಕಡೆ ಅದು ಸಿನಿಮಾ ಅಲ್ಲ. ರಸ್ತೆಯ ಬದಿಯ ಮನೆಗಳನ್ನು ಕೈಬೆರಳಲ್ಲಿ ತೋರಿಸಿ ಹೇಳಬಹುದು, ಇಲ್ಲಿ ತಾಯಿ ಇಲ್ಲ, ಇಲ್ಲಿ ತಂದೆ ಇಲ್ಲ, ಇಲ್ಲಿ ಇಬ್ಬರೂ ಇಲ್ಲ.

ಆ ವರ್ಷದ ಬೇಸಗೆ ರಜೆಗೆ ಇಬ್ಬರೂ ಬರುವುದೆಂದು ನಿಶ್ಚಯವಾಗಿತ್ತು. ತಮ್ಮ ದಿನಾ ಗೇಟಿನ ಮೇಲೆ ಹತ್ತಿ ಅಭ್ಯಾಸ ಮಾಡುತ್ತಿದ್ದ, ಕಾರು ಬಂದಾಗ ಗೇಟು ತೆರೆಯುವವನು ತಾನೇ ಎಂದು. ಅಷ್ಟರಲ್ಲಿ ವಿಮಾನ ನಿಂತಿತು, ಬಸ್ಸು ನಿಂತಿತು, ಶಾಲೆ ನಿಂತಿತು. ಕಡಲಿಗೆ ಬೋಟು ಹೋಗುವುದೂ ನಿಂತು ಮೀನು ಬರುವುದೂ ನಿಂತಿತು.

ಮೀನು ಇಲ್ಲದ ಮೇಲೆ ಕಾಕ ಒಣಮೀನು, ತರಕಾರಿ ಎಂದು ಮಾರಲು ಹೊರಟರು. ಆಗ ಊರಿನ ಕೆಲವು ಯುವಕರು ರಸ್ತೆಗೆ ಬಿದಿರು ಅಡ್ಡ ಹಾಕಿ ನಿಂತರು. ಕಾಕನ ಕಡೆಯವರ ಕೈಯಿಂದ ಏನೂ ತೆಗೆದುಕೊಳ್ಳಬಾರದು, ಅವರು ಬೇಕೆಂದೇ ರೋಗ ಹಂಚುತ್ತಿದ್ದಾರೆ ಎಂದು ಎಲ್ಲರ ಮೊಬೈಲಿಗೂ ಬಂದಿತ್ತು. ಬಿದಿರು ಹಿಡಿದು ನಿಂತವರಲ್ಲಿ ಅರ್ಧದಷ್ಟು ಜನ ಚಿಕ್ಕಂದಿನಲ್ಲಿ ಕಾಕನ ಸ್ಕೂಟರಿನ ಎದುರು ನಿಂತು ಹಾರ್ನ್ ಒತ್ತಿ ಓಡಿದವರು. ಕಾಕ ಜಗಳ ಮಾಡಲಿಲ್ಲ. "ಆಯ್ತು ಮಾರಾಯರೇ, ನೀವು ಆರೋಗ್ಯದಲ್ಲಿರಿ" ಎಂದು ಸ್ಕೂಟರು ತಿರುಗಿಸಿದರು. ಅವರ ಮನೆ ಇದ್ದದ್ದು ನಮ್ಮ ಮನೆಯ ಬಳಿ ಹರಿಯುವ ತೋಡಿನ ಆಚೆ ಬದಿಯಲ್ಲೇ. ಆಮೇಲೆ ಅವರು ರಸ್ತೆ ಬಿಟ್ಟು, ತೋಡು ದಾಟಿ, ಗದ್ದೆಯ ಬದುವಿನ ಮೇಲೆ ನಡೆದು ಬರತೊಡಗಿದರು.

ಮಾರಲು ಏನೂ ಇಲ್ಲದ ದಿನವೂ ಬಂದರು. ಮೊಬೈಲು ತರಲು.

ಅಜ್ಜಿಯ ಹತ್ತಿರ ಇದ್ದದ್ದು ಬಟನ್ ಫೋನು. ಅದರಲ್ಲಿ ಸ್ವರ ಬರುವುದೇ ಕಷ್ಟ. ಕಾಕನ ಮಗನೂ ಮಸ್ಕತ್ತಿನಲ್ಲೇ ಕೆಲಸದಲ್ಲಿದ್ದ. ಅವನ ಮೂಲಕ ಅಪ್ಪ ಹೇಳಿ ಕಳಿಸಿದ್ದರು, ಮಕ್ಕಳ ಮುಖ ಒಮ್ಮೆ ತೋರಿಸಬಹುದಾ ಎಂದು. ಹಾಗೆ ಪ್ರತಿ ಶುಕ್ರವಾರ, ಅಲ್ಲಿ ರಜೆಯ ದಿನ, ಸಂಜೆ ನಾವು ಮೂವರು ಗುಡ್ಡೆ ಹತ್ತಿ ನೀರಿನ ಟ್ಯಾಂಕಿಯ ಹತ್ತಿರ ಕೂತುಕೊಳ್ಳುವುದು. ರೇಂಜ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಮೊದಲ ದಿನ ಅಮ್ಮನ ಮುಖ ಪರದೆಯ ಮೇಲೆ ಬಂದದ್ದೇ ತಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಅಮ್ಮಾ, ಯಾವಾಗ ಬರ್ತಿ?" ಎಂದ. ಅವನು ಮತ್ತೆ ಕೇಳಿದ. ಮತ್ತೆ ಮತ್ತೆ ಅದನ್ನೇ ಕೇಳಿದ, ಸ್ವರ ಏರಿಸಿ, ಕೊನೆಗೆ ಮೊಬೈಲನ್ನು ಅಲುಗಾಡಿಸಿ. ಅಮ್ಮ ಸೆರಗು ಬಾಯಿಗೆ ಒತ್ತಿ ಅತ್ತದ್ದು ಕಾಣಿಸಿತು, ಮತ್ತೆ ಕಾಲ್ ಕಟ್ಟಾಯಿತು. ತಮ್ಮ ಇಡೀ ಗುಡ್ಡೆ ಅತ್ತುಕೊಂಡು ಇಳಿದ. ಆ ವಾರ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಲು ಶುರು ಮಾಡಿದ. ಊಟದ ನಡುವೆ ಅನ್ನದ ಮುದ್ದೆಯನ್ನು ಚಡ್ಡಿಯ ಕಿಸೆಗೆ ತುಂಬಿಸಿಕೊಳ್ಳುತ್ತಿದ್ದ. ಅಮ್ಮ ಬಂದಾಗ ಬೇಕಾಗುತ್ತದೆ ಎನ್ನುವನು. ಮನೆಗೆ ಬಂದು ಹೋಗುತ್ತಿದ್ದ ಆರೋಗ್ಯ ಕಾರ್ಯಕರ್ತೆ ಬಾಗಿಲ ಹೊರಗೇ ನಿಂತು, ಜ್ವರ ಉಂಟಾ, ಕೆಮ್ಮು ಉಂಟಾ ಎಂದು ಕೇಳಿ, ಇಲ್ಲ ಎಂದರೆ ಸಮಾಧಾನದಿಂದ ಮುಂದಿನ ಮನೆಗೆ ಹೋಗುತ್ತಿದ್ದರು. ನಿಜ, ತಮ್ಮನಿಗೆ ಜ್ವರ ಇರಲಿಲ್ಲ.

ಮುಂದಿನ ಶುಕ್ರವಾರ ಗುಡ್ಡೆ ಹತ್ತುವ ಮೊದಲು ಕಾಕ ನಮ್ಮಿಬ್ಬರನ್ನೂ ಅಂಗಳದ ಕಟ್ಟೆಯ ಮೇಲೆ ಕೂರಿಸಿದರು.

"ನಿಮ್ಮ ಅಮ್ಮ ಎರಡು ದಿನ ಊಟ ಮಾಡಲಿಲ್ಲವಂತೆ. ನನ್ನ ಮಗ ಹೇಳಿದ. ಗೊತ್ತುಂಟಾ ನಿಮಗೆ?"

ನಾವು ತಲೆ ತಗ್ಗಿಸಿದೆವು.

"ನೋಡು ಮಗಾ, ಪರದೇಶದಲ್ಲಿ ಇರುವವರ ಹತ್ತಿರ ಯಾವಾಗ ಬರ್ತೀರಿ ಅಂತ ಕೇಳ್ಬಾರ್ದು. ನಮ್ಮ ಯಾವ ಮನೆಯಲ್ಲೂ ಕೇಳುವುದಿಲ್ಲ. ಹೆಂಡತಿ ಕೇಳುವುದಿಲ್ಲ, ತಾಯಿ ಕೇಳುವುದಿಲ್ಲ. ಬೇರೆ ಎಂತ ಬೇಕಾದ್ರೂ ಕೇಳಿ. ಊಟಕ್ಕೆ ಎಂತ ಅಂತ ಕೇಳಿ. ಅಲ್ಲಿ ಬಿಸಿಲು ಉಂಟಾ ಅಂತ ಕೇಳಿ. ಅದೊಂದು ಮಾತು ಮಾತ್ರ ಬೇಡ."

"ಯಾಕೆ?" ಎಂದು ಕೇಳಿದ್ದು ನಾನು.

ಕಾಕ ಹಳೆಯ ಕತೆ ತೆಗೆದರು. ಅವರೂ ಒಂದು ಕಾಲದಲ್ಲಿ ದಮ್ಮಾಮಿನಲ್ಲಿ ಇದ್ದವರು, ಒಳ್ಳೆಯ ಅಂಗಡಿಯಲ್ಲಿ ಒಳ್ಳೆಯ ಕೆಲಸ. ಬಂಟ್ವಾಳದ ಮಾವನ ಮನೆಯ ಫೋನಿನಲ್ಲಿ ಆರು ವರ್ಷದ ಮಗ ಒಂದು ದಿನ, "ಬಾಪಾ, ಯಾವಾಗ ಬರ್ತೀರಿ?" ಎಂದು ಕೇಳಿದ. ಅಷ್ಟೇ. ಇವರಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಮುಂದಿನ ತಿಂಗಳು ಕೆಲಸ ಬಿಟ್ಟು ಬಂದರು. ಮತ್ತೆ ಹೋಗಲು ವೀಸಾ ಸಿಗಲಿಲ್ಲ. ಸ್ಕೂಟರಿಗೆ ಪೆಟ್ಟಿಗೆ ಕಟ್ಟಿದರು.

"ದೊಡ್ಡವನಾದ ಮೇಲೆ ಅದೇ ಮಗ ಅಲ್ಲಿಂದ ಫೋನಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿದ, ನೀವು ಯಾಕೆ ಬಂದದ್ದು, ಅಲ್ಲೇ ಇದ್ದಿದ್ದರೆ ನಾನು ಇವತ್ತು ಈ ಮರುಭೂಮಿಗೆ ಬರ್ಬೇಕಿತ್ತಾ ಅಂತ. ನಾನು ಎಂತ ಹೇಳುವುದು? ನೀನೇ ಅಲ್ವಾ ಕರೆದದ್ದು ಅಂತ ಹೇಳ್ಲಿಕ್ಕೆ ಆಗ್ತದಾ? ಅವನಿಗೆ ಅದು ನೆನಪೇ ಇಲ್ಲ." ಅವರು ಎದ್ದು ಲುಂಗಿ ಕೊಡವಿದರು. "ಬನ್ನಿ, ಹೋಗುವ. ಇವತ್ತು ನಗಬೇಕು."

ಅಂದಿನಿಂದ ಗುಡ್ಡೆಯ ಮೇಲೆ ಕಾಕನ ಶಾಲೆ ಶುರುವಾಯಿತು. ಸರಕಾರದ ಶಾಲೆ ಮುಚ್ಚಿದ್ದಾಗ ನಾವು ತಪ್ಪದೆ ಹೋದ ಶಾಲೆ ಅದೊಂದೇ. ಕಾಲ್ ಬರುವ ಮೊದಲು ಪಾಠ. ಈ ವಾರ ಎಂತ ಹೇಳುವುದು? ದನ ಕರು ಹಾಕಿದ್ದನ್ನು ಹೇಳುವುದು. ತಮ್ಮನ ಹಲ್ಲು ಬಿದ್ದದ್ದನ್ನು ಹೇಳುವುದು, ಆದರೆ ನಗುತ್ತಾ ಬಾಯಿ ತೆರೆದು ತೋರಿಸುವುದು. ಅಜ್ಜಿಗೆ ಉಬ್ಬಸ ಬಂದದ್ದನ್ನು ಹೇಳಬಾರದು. ಕಾಲ್ ಬಂದಾಗ ಅವರು ಮೊಬೈಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅದನ್ನು ಎರಡು ಅಂಗೈಗಳ ನಡುವೆ ಹಿಡಿದು, ನಮ್ಮ ಮುಖ ಬಾಡಿದರೆ ತಾವೇ ಹಲ್ಲು ಕಿರಿದು ತೋರಿಸುತ್ತಿದ್ದರು. ಆ ಹಲ್ಲುಗಳನ್ನು ಕಂಡರೆ ನಗದಿರಲು ಸಾಧ್ಯವಿರಲಿಲ್ಲ. ಆ ನಗು ಮಸ್ಕತ್ತಿಗೆ ಹೋಗುತ್ತಿತ್ತು.

ಅದರಿಂದ ಒಳ್ಳೆಯದಾಯಿತು ಎನ್ನುವುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ತಮ್ಮ ಹಾಸಿಗೆ ಒದ್ದೆ ಮಾಡುವುದು ನಿಲ್ಲಿಸಿದ. ಕಿಸೆಯಲ್ಲಿ ಅನ್ನ ಇಡುವುದು ನಿಂತಿತು. ವಾರವಿಡೀ ಶುಕ್ರವಾರಕ್ಕೆ ಸುದ್ದಿ ಒಟ್ಟು ಮಾಡುವುದು ಅವನ ಕೆಲಸವಾಯಿತು. ಹಾವು ಕಂಡರೆ "ಇದು ಅಮ್ಮನಿಗೆ" ಎನ್ನುವನು, ಹಲಸಿನ ಹಣ್ಣು ಬಿದ್ದರೆ "ಇದು ಅಪ್ಪನಿಗೆ". ಕಾಕ ಅವನನ್ನು ಹೆಗಲ ಮೇಲೆ ಕೂರಿಸಿ ಗುಡ್ಡೆ ಹತ್ತುತ್ತಿದ್ದರು, ದಾರಿಯುದ್ದಕ್ಕೂ ಏದುಸಿರು ಬಿಡುತ್ತಾ, "ಮೋನೆ, ನೀನು ಗಾಳಿ ತಿಂದು ತೂಕ ಆದದ್ದಾ?" ಎಂದು ಬೈಯುತ್ತಾ. ಆ ದಿನಗಳಲ್ಲಿ ನಮ್ಮನ್ನು ಮುಟ್ಟಿದ ಗಂಡಸು ಅವರೊಬ್ಬರೇ. ಉಳಿದವರೆಲ್ಲ ಪರದೇಶದವರ ಮಕ್ಕಳೆಂದು ದೂರ ನಿಂತು ಮಾತಾಡುತ್ತಿದ್ದರು, ರೋಗ ಮೊಬೈಲಿನಲ್ಲಿ ಬರುತ್ತದೆ ಎನ್ನುವ ಹಾಗೆ.

ಮಳೆ ಹಿಡಿದ ಮೇಲೆ ಮಂಗಳೂರಿಗೆ ವಿಶೇಷ ವಿಮಾನಗಳು ಬರಲು ಶುರುವಾದವು. ಒಂದು ಶುಕ್ರವಾರ, ಕೊಡೆಯ ಅಡಿಯಲ್ಲಿ ಮೂವರೂ ಮುದುಡಿ ಕೂತಿದ್ದಾಗ, ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಪರದೆಯ ಮೇಲೆ ಬಂದರು. ಹಾಗೆ ಬರುವುದು ಅಪರೂಪ. ಅಮ್ಮ ತನ್ನ ಕೆಲಸದ ಮನೆಯಿಂದ ಅಪ್ಪನ ರೂಮಿಗೆ ಬಂದಿದ್ದಳು. ನಾವು ನಮ್ಮ ಪಾಠ ಒಪ್ಪಿಸಿದೆವು. ಎಲ್ಲ ಮುಗಿದ ಮೇಲೆ ಅಪ್ಪ ಕೇಳಿದರು, "ಮತ್ತೆ? ನಿಮಗೆ ಅಲ್ಲಿ ಆರಾಮ ಉಂಟಲ್ವಾ?"

ಅಮ್ಮ ಕ್ಯಾಮೆರಾದ ತೀರಾ ಹತ್ತಿರ ಬಂದು ನನ್ನನ್ನೇ ನೋಡುತ್ತಿದ್ದಳು. ಅವಳು ಯಾವುದಕ್ಕೋ ಕಾಯುತ್ತಿದ್ದಾಳೆ ಎಂದು ನನಗೆ ಅನಿಸಿತು. ನನಗೆ ಆಗ ಹನ್ನೆರಡು ವರ್ಷ. ನಾನು ಬಾಯಿ ತೆರೆದೆ. ಮೊಬೈಲಿನ ಹಿಂದಿನಿಂದ ಕಾಕ ಮೆಲ್ಲನೆ ತಲೆಯಾಡಿಸಿದರು. ಬೇಡ.

"ಆರಾಮ ಉಂಟಮ್ಮ," ಎಂದೆ.

"ಫಸ್ಟ್ ಕ್ಲಾಸ್ ಉಂಟು!" ಎಂದ ತಮ್ಮ, ಹೆಬ್ಬೆರಳು ಎತ್ತಿ.

ಕಾಕ ಅಂದು ನಮ್ಮಿಬ್ಬರಿಗೂ ಕಿಸೆಯಿಂದ ಚಾಕಲೇಟು ತೆಗೆದು ಕೊಟ್ಟರು. ಬಹಳ ಖುಷಿಯಲ್ಲಿದ್ದರು. "ಪಾಸ್! ಇಬ್ಬರೂ ಪಾಸ್!" ಎಂದು ಇಳಿಜಾರಿನಲ್ಲಿ ಕೂಗಿದರು.

ಅಪ್ಪ ಅಮ್ಮ ಎರಡು ವರ್ಷಕ್ಕೆ ವೀಸಾ ಹೊಸದು ಮಾಡಿಸಿದ ಸುದ್ದಿ ನಮಗೆ ತಿಳಿದದ್ದು ಆಮೇಲೆ. ಕೆಲಸ ಹೋಗುತ್ತಿರುವ ಕಾಲದಲ್ಲಿ ಕೆಲಸ ಉಳಿಯಿತಲ್ಲ ಎಂದು ಅಜ್ಜಿ ದೇವರಿಗೆ ದೀಪ ಇಟ್ಟರು. ತಮ್ಮ ಕೇಳಿಸಿಕೊಂಡು ಆಡಲು ಹೋದ. ಅಳಲಿಲ್ಲ. ಅವನು ಅಳಲಿಲ್ಲವೆಂದು ನಾವೆಲ್ಲ ಸಮಾಧಾನ ಪಟ್ಟೆವು. ನಮ್ಮ ಕಾಲೇಜಿಗೆ ಮೊನ್ನೆ ಉಪನ್ಯಾಸ ಕೊಡಲು ಬಂದವರು, ಸಾಂಕ್ರಾಮಿಕದ ಕಾಲದಲ್ಲಿ ಹಳ್ಳಿಯ ಮಕ್ಕಳು ಅದ್ಭುತವಾಗಿ ಹೊಂದಿಕೊಂಡರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಹೊಂದಿಕೊಂಡ ಮಗು ಹೇಗಿರುತ್ತದೆ ಎಂದು ಅವರು ನಮ್ಮ ಮನೆಗೆ ಬಂದು ನೋಡಬೇಕಿತ್ತು.

ದೀಪಾವಳಿಯ ಹೊತ್ತಿಗೆ ತಮ್ಮ ಶುಕ್ರವಾರದ ಮಾತನ್ನು ಗಡಿಬಿಡಿಯಲ್ಲಿ ಮುಗಿಸತೊಡಗಿದ್ದ. ಊಟ ಆಯ್ತು, ಆರಾಮ ಉಂಟು, ಬಾಯ್. ಹಬ್ಬದ ದಿನ ಅಜ್ಜಿಯೂ ಕಷ್ಟಪಟ್ಟು ಗುಡ್ಡೆ ಹತ್ತಿ ಬಂದಿದ್ದರು. ತಮ್ಮ ಎಂದಿನಂತೆ ಬಾಯ್ ಹೇಳಿ ಟ್ಯಾಂಕಿಯ ಹಿಂದೆ ಓಡಿದ. ಅಮ್ಮ "ಮಗಾ, ಮಗಾ" ಎಂದು ಕರೆದಳು. ಅವನು ತಿರುಗಿ ಬರಲಿಲ್ಲ. ಆಗ ಅಮ್ಮ ಅಜ್ಜಿಯೊಡನೆ ಒಮ್ಮೆಗೇ ಅಳಲು ಶುರು ಮಾಡಿದಳು.

"ಆ ಮೊದಲ ದಿನ ಬಿಟ್ರೆ ಒಂದು ಸಲ ಬಾ ಅಂತ ಹೇಳ್ಲಿಲ್ಲ ಅಮ್ಮ ಇವು. ಒಂದೇ ಒಂದು ಸಲ! ಆ ಮಳೆಗಾಲದಲ್ಲಿ ವಿಮಾನದಲ್ಲಿ ನನ್ನ ಹೆಸರು ಇತ್ತು. ಮಕ್ಕಳ ಹತ್ತಿರ ಮಾತಾಡಿ ತೀರ್ಮಾನ ಮಾಡುವ ಅಂತ ಇವರು ಹೇಳಿದ್ದು. ಅವು ಕೇಳಿದ್ರೆ ನಾನು ಉಟ್ಟ ಸೀರೆಯಲ್ಲಿ ಬರ್ತಿದ್ದೆ. ಕೇಳ್ಲೇ ಇಲ್ಲ. ನಾನು ಬೇಡ ಅಂತ ಆಯ್ತಾ ಅವುಗಳಿಗೆ?"

ಮೊಬೈಲು ಹಿಡಿದುಕೊಂಡಿದ್ದದ್ದು ಕಾಕ. ಅವರು ಪರದೆಯ ಹಿಂದೆ ಇದ್ದದ್ದರಿಂದ ಅಮ್ಮನಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಕಿರಿದಿದ್ದ ಹಲ್ಲುಗಳನ್ನು ಮುಚ್ಚಿ ಅವರು ಮುಖವನ್ನು ಟ್ಯಾಂಕಿಯ ಕಡೆ ತಿರುಗಿಸಿದರು. ಅಜ್ಜಿ ಏನೋ ಸಮಾಧಾನ ಹೇಳುತ್ತಿದ್ದರು. ಕಾಲ್ ಮುಗಿದ ಮೇಲೆ ಕಾಕ ಮೊಬೈಲನ್ನು ಕಿಸೆಗೆ ಹಾಕಲು ಮರೆತು, ಕೈಯಲ್ಲೇ ಹಿಡಿದುಕೊಂಡು ಗುಡ್ಡೆ ಇಳಿದರು.

ಮುಂದಿನ ಶುಕ್ರವಾರ ಅವರು ಬರಲಿಲ್ಲ. ಅದರ ಮುಂದಿನ ಶುಕ್ರವಾರ ಬಂದವರು ಗಡ್ಡ ಬೋಳಿಸಿರಲಿಲ್ಲ. ಗುಡ್ಡೆಯ ಮೇಲೆ ತಮ್ಮನನ್ನು ಎದುರು ನಿಲ್ಲಿಸಿಕೊಂಡು ಹೇಳಿದರು, "ಮೋನೆ, ಇವತ್ತು ಅಮ್ಮನ ಹತ್ತಿರ ಕೇಳು. ಯಾವಾಗ ಬರ್ತಿ ಅಂತ ಕೇಳು. ಬಾ ಅಂತ ಹೇಳು."

ತಮ್ಮ ಅವರನ್ನು ಆಶ್ಚರ್ಯದಿಂದ ನೋಡಿದ. "ಯಾಕೆ ಬರುವುದು? ಫೋನಿನಲ್ಲಿ ಇದ್ದಾಳಲ್ಲ."

ಕಾಕ ನನ್ನ ಕಡೆ ತಿರುಗಿದರು. "ನೀನು ಹೇಳು ಮಗಾ. ನೀನು ದೊಡ್ಡವಳು."

ನನಗೆ ಎಲ್ಲಿಂದಲೋ ಉರಿ ಎದ್ದು ಬಂತು. "ನೀವೇ ಅಲ್ವಾ ಕೇಳ್ಬಾರ್ದು ಅಂದದ್ದು? ಈಗ ವೀಸಾ ಆಯ್ತಲ್ಲ, ಈಗ ಕೇಳಿ ಎಂತ ಮಾಡ್ಲಿಕ್ಕೆ? ಅವಳು ಮತ್ತೆ ಊಟ ಬಿಡ್ಲಿಕ್ಕಾ?"

"ಹೌದು," ಎಂದರು ಅವರು. ಬಯ್ಗುಳ ಕೇಳಲೆಂದೇ ಬಂದವರ ಹಾಗೆ ನನ್ನ ಎದುರು ನಿಂತರು. "ಹೌದು ಮಗಾ. ನಾನು ಹೇಳ್ತೇನೆ. ನಾನೇ ಹೇಳಿಕೊಟ್ಟದ್ದು, ಮಕ್ಕಳಿಗೆ ಆರಾಮ ಇಲ್ಲ, ಹೇಗಾದ್ರೂ ತಾಯಿಯನ್ನಾದ್ರೂ ಕಳಿಸಿ ಅಂತ ನಿನ್ನ ಅಪ್ಪನಿಗೆ ನಾನೇ ಹೇಳ್ತೇನೆ."

ಕಾಲ್ ಬಂತು. ನಾನು ಒತ್ತಿ ಕೊಟ್ಟೆ. ಕಾಕ ಮೊದಲ ಸಲ ಪರದೆಯ ಎದುರು ಬಂದು ಕೂತರು, ಟೋಪಿ ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ, "ಓ ಕಾಕ! ನೀವು ಎದುರು ಬಂದದ್ದು ಒಳ್ಳೇದಾಯ್ತು. ನಾನು ಹೇಳ್ಬೇಕು ಅಂತ ಇದ್ದೆ. ನೀವೊಬ್ಬರು ಇರುವುದಕ್ಕೆ ನಮಗೆ ಇಲ್ಲಿ ನಿದ್ದೆ ಬರ್ತದೆ. ಮಕ್ಕಳ ನಗು ನೋಡಿದ್ರೆ ಸಾಕು ನಮಗೆ. ನಿಮ್ಮ ಉಪಕಾರ ಯಾವ ಜನ್ಮದಲ್ಲಿ ತೀರಿಸುವುದು" ಎಂದರು. ಅಪ್ಪನ ಕಣ್ಣು ತುಂಬಿತ್ತು. ಕಾಕ ತುಟಿ ಒದ್ದೆ ಮಾಡಿಕೊಂಡರು. ನಾನು ಕಾದೆ.

"ಎಂತ ಉಪಕಾರ ಮಾರಾಯ," ಎಂದರು ಅವರು ಕೊನೆಗೆ. "ಮಕ್ಕಳು ಸೌಖ್ಯ ಉಂಟು. ಅಕ್ಕನೂ ಸೌಖ್ಯ."

ಅಂದು ನಾನು ಅವರಿಗಿಂತ ಮೊದಲೇ ಗುಡ್ಡೆ ಇಳಿದೆ, ತಮ್ಮನ ಕೈ ಎಳೆದುಕೊಂಡು. ಅವರ ಮೇಲಿನ ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಅಷ್ಟೇ ಜೋರಾಗಿ ಇನ್ನೊಂದೂ ಇದೆ, ಅದಕ್ಕೆ ಹೆಸರು ಹುಡುಕುವ ಗೋಜಿಗೆ ಹೋಗುವುದಿಲ್ಲ. ಅದೇ ಮನುಷ್ಯ ಮರುದಿನ ತಮ್ಮನಿಗೆ ಹೊಟ್ಟೆನೋವೆಂದಾಗ ಅವನನ್ನು ಸ್ಕೂಟರಿನಲ್ಲಿ ಕೂರಿಸಿ ಬೆಳ್ತಂಗಡಿಯ ಆಸ್ಪತ್ರೆಗೆ ಕೊಂಡೊಯ್ದರು, ಸಾಲಿನಲ್ಲಿ ನಿಂತರು, ಹುಡುಗ ಯಾರು ಎಂದು ಕೇಳಿದವರಿಗೆ "ನಮ್ಮದೇ" ಎಂದರು. ಅಮ್ಮನಿಗೆ ನಿಜ ಹೇಳಲು ಮಾತ್ರ ಅವರಿಂದ ಆಗಲಿಲ್ಲ. ಅವರು ಆಮೇಲೂ ಪ್ರತಿ ಶುಕ್ರವಾರ ಬಂದರು. ಹಲ್ಲು ಕಿರಿಯುವುದನ್ನು ಬಿಟ್ಟಿದ್ದರು. ಅದರ ಅಗತ್ಯವೂ ಇರಲಿಲ್ಲ, ತಮ್ಮ ತಾನಾಗಿಯೇ ನಗುತ್ತಿದ್ದ.

ಮರುವರ್ಷದ ಬೇಸಗೆಯಲ್ಲಿ ರೋಗ ಎರಡನೇ ಸಲ ಬಂತು. ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ವ್ಯಾಪಾರಕ್ಕೆ ಬಿಡುತ್ತಿದ್ದರು. ಕಾಕ ಆ ಹೊತ್ತಿನಲ್ಲೇ ಸ್ಕೂಟರು ಓಡಿಸಿ ಮೀನು ಮಾರಿದರು. ಈಗ ಬಿದಿರು ಅಡ್ಡ ಇರಲಿಲ್ಲ, ಬಿದಿರು ಹಾಕಿದವರ ಮನೆಗಳಲ್ಲೂ ಮೀನಿಗೆ ಕಾಯುತ್ತಿದ್ದರು. ಒಂದು ದಿನ ಹಾರ್ನ್ ಕೇಳಿಸಲಿಲ್ಲ. ಜ್ವರವೆಂದು ತಿಳಿಯಿತು. ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿಯಿತು. ಆ ಶುಕ್ರವಾರ ನಮಗೆ ಮೊಬೈಲೂ ಇರಲಿಲ್ಲ, ಕಾಕನೂ ಇರಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ತೋಡಿನ ಆಚೆಯಿಂದ ಯಾರೋ ಕೂಗಿ ಹೇಳಿದರು. ಅಜ್ಜಿ ಬೀಡಿಯ ಎಲೆ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟು, "ನನಗಿಂತ ಚಿಕ್ಕ ಪ್ರಾಯ" ಎಂದರು. ಮತ್ತೆ ಅಂದು ಎಲೆ ಮುಟ್ಟಲಿಲ್ಲ.

ಮಣ್ಣು ಮಾಡಿದ್ದು ನಿಲುವಂಗಿ ತೊಟ್ಟ ಸ್ವಯಂಸೇವಕರು. ಹೆಂಡತಿಗೆ ಮುಖ ನೋಡಲೂ ಆಗಲಿಲ್ಲ. ಲಾಕ್‌ಡೌನ್ ಸಡಿಲಾದ ಮೇಲೆ ನಾನು ಅಜ್ಜಿಯೊಡನೆ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಹೇಳಿದರು, ಆಂಬ್ಯುಲೆನ್ಸಿಗೆ ಹತ್ತಿಸುವ ಮೊದಲು ಮಗನ ಕಾಲ್ ಬಂದಿತ್ತು ಎಂದು. "ಬಾಪಾ, ನಾನು ಹೇಗಾದ್ರೂ ಬರ್ಬೇಕಾ ಅಂತ ಕೇಳಿದ. ಬಾ ಅಂತ ಹೇಳಿ, ಬಾ ಅಂತ ಹೇಳಿ ಅಂತ ನಾನು ಬದಿಯಿಂದ ಕೈ ಮುಗಿದೆ ಮಗಾ. ಉಸಿರು ಸಿಗ್ತಾ ಇರ್ಲಿಲ್ಲ ಅವರಿಗೆ. ಆದ್ರೂ ಮಾಸ್ಕ್ ತೆಗೆದು ಹೇಳಿದ್ರು, ಎಂತ ಇಲ್ಲ, ನೀನು ಊಟ ಮಾಡಿದ್ಯಾ ಅಂತ."

ಮಗ ಬರಲಿಲ್ಲ. ಬರಬೇಡ ಎಂದವರ ಮಾತು ಕೇಳಿದ, ಅಷ್ಟೆ. ನಾನು ಅಲ್ಲಿ ಅಳಲಿಲ್ಲ. ಮನೆಗೆ ಬಂದು ಟ್ಯಾಂಕಿಯ ಹತ್ತಿರ ಹೋಗಿ ಅತ್ತೆ. ನಮಗೆ ಕಲಿಸಿದ್ದು ತಪ್ಪೆಂದು ಗೊತ್ತಾದ ಮೇಲೂ ಆ ಮನುಷ್ಯನಿಗೆ ತನ್ನ ಪಾಲಿಗೆ ಅದನ್ನು ಬಿಡಲು ಆಗಲಿಲ್ಲವಲ್ಲ.

ಅಪ್ಪ ಅಮ್ಮ ಬಂದದ್ದು ಅದರ ಮುಂದಿನ ವರ್ಷ, ಒಂದೂವರೆ ತಿಂಗಳ ರಜೆಗೆ. ಟ್ಯಾಕ್ಸಿ ಬಂದಾಗ ಗೇಟು ತೆರೆದದ್ದು ನಾನು. ತಮ್ಮನಿಗೆ ಆಗ ಏಳು. ಅಜ್ಜಿ ಹೇಳಿದ ಹಾಗೆ ಇಬ್ಬರ ಕಾಲಿಗೂ ಬಿದ್ದ. ಅಮ್ಮ ಅವನನ್ನು ಎತ್ತಿಕೊಳ್ಳಲು ಹೋದಾಗ ಒಂದು ಹೆಜ್ಜೆ ಹಿಂದೆ ಸರಿದು, ಒಂದು ಮೊಬೈಲನ್ನು ಹಿಡಿಯುವಷ್ಟು ದೂರದಲ್ಲಿ ನಿಂತ. ತಲೆ ಸ್ವಲ್ಪ ಓರೆ ಮಾಡಿ ಚೆಂದದ ನಗು ನಕ್ಕ. "ಊಟ ಆಯ್ತಾ? ಪ್ರಯಾಣ ಆರಾಮ ಇತ್ತಾ? ಇಲ್ಲಿ ಮಳೆ ಉಂಟು" ಎಂದ. ಹೇಳುವುದೆಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಕಾದ. ಮತ್ತೆ ಬಹಳ ಮರ್ಯಾದೆಯಿಂದ ಕೇಳಿದ:

"ನೀವು ವಾಪಸ್ ಯಾವಾಗ ಹೋಗುವುದು?"

ಅಪ್ಪ ಜೋರಾಗಿ ನಕ್ಕರು, ಬೇರೆ ಏನು ಮಾಡುವುದೆಂದು ತಿಳಿಯದೆ. ಅಮ್ಮ ನಗಲಿಲ್ಲ. ನನ್ನನ್ನು ಅಡುಗೆಕೋಣೆಗೆ ಎಳೆದುಕೊಂಡು ಹೋದಳು. ನನ್ನ ತೋಳನ್ನು ಹಿಡಿದ ಅವಳ ಬೆರಳು ಚುಚ್ಚುತ್ತಿತ್ತು.

"ಯಾರು ಇವನಿಗೆ ಹೀಗೆ ಮಾತಾಡ್ಲಿಕ್ಕೆ ಹೇಳಿಕೊಟ್ಟದ್ದು? ಹೇಳು. ಯಾರು?"

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅಮ್ಮನಿಗೆ ಬೈಯಲು ಒಬ್ಬರು ಸಿಗುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಹಗುರವಾಗುತ್ತಿತ್ತು. ಸತ್ತವರು ತಿರುಗಿ ಮಾತಾಡುವುದಿಲ್ಲ. ಆಚೆ ನನ್ನ ತಮ್ಮ ಅಪ್ಪನಿಗೆ, ಒಂದೊಂದಾಗಿ, ಮನೆಯ ಕೋಣೆಗಳನ್ನು ತೋರಿಸುತ್ತಿದ್ದ.

"ಯಾರೂ ಹೇಳಿಕೊಡ್ಲಿಲ್ಲ ಅಮ್ಮ," ಎಂದೆ. "ನೀವು ಇರ್ಲಿಲ್ಲ, ಅಷ್ಟೆ."